ಮಿಂಚುಹುಳುವಿನ ಗಣಿತವೂ ಹಲವು ಶಿಖರಗಳ ಶೋಧನೆಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಬ್ಯಾಕೋಡಿನಲ್ಲಿ ಮಾಡಿದ ಉಪನ್ಯಾಸ)

 

ಈ ಶುಭಸಮಯದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿ, ಅವನ್ನೇ ಹಲವು ವರ್ಷಗಳಿಂದ ಓದಿಸುತ್ತ ಬಂದಿರುವ ನನ್ನಂಥವನು ಗಣಕಯಂತ್ರದ ಶಾಸ್ತ್ರವನ್ನು ಕುರಿತು ಮಾತನಾಡಲು ಹೊರಟಿರುವುದನ್ನು ಕಂಡು ತಮ್ಮಲ್ಲಿ ಕೆಲವರಿಗೆ ನಗೆ ಬಂದರೆ ಅದು ತಪ್ಪಲ್ಲ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೂ ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ನಾನು ಮಾಡಿದ ಒಂದು ತಪ್ಪಿನ ಸ್ವರೂಪವು ಯಾವ ಗ್ರಂಥದಿಂದಲೂ ತಿಳಿಯದೆ ಈ ಶಾಸ್ತ್ರದಿಂದ ತಿಳಿಯಿತು. ಆ ತಪ್ಪು ನಡೆದುದು ಈ ಹಿನ್ನೀರಿನ ಸೀಮೆಯಲ್ಲಿಯೇ ಆದುದರಿಂದ, ಇದನ್ನು ಇಲ್ಲಿಯೇ ನಿವೇದಿಸುವುದು ಉಚಿತವೆಂದು ತೋರಿತು.

ಕೆಲವು ವರ್ಷಗಳ ಹಿಂದೆ, ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆಯಿನ್ನೂ ಆಗಿಲ್ಲದ ಕಾಲದಲ್ಲಿ, ಈ ಭಾಗದ ಶಾಲಾಮಕ್ಕಳಿಗೆ ಬರೆಯುವ ಪುಸ್ತಕಗಳನ್ನು ಹಂಚುವ ಕೆಲಸವು ನನ್ನ ಪಾಲಿಗೆ ಬಂದಿತ್ತು. ಬಾಡಿಗೆಯ ವಾಹನವೊಂದು, ಕೈಯಲ್ಲಿ ಮಿತವಾದ ಹಣ, ಎದುರಿಗೆ ಮಳೆಗಾಲ. ಲಾಂಚಿನ ಮೇಲೆ ವಾಹನವನ್ನು ದಾಟಿಸಲು ಎಷ್ಟು ಹೊತ್ತು ಕಾಯಬೇಕಾಗುತ್ತಿತ್ತೆಂಬುದು ತಮಗೆಲ್ಲ ತಿಳಿದೇ ಇದೆ. ಯಾವ ಊರಿನಲ್ಲಿ ಮಕ್ಕಳೆಷ್ಟು, ದಾರಿಯೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಕಡಮೆ ದಾರಿಯಲ್ಲಿ ಹೆಚ್ಚು ಪುಸ್ತಕಗಳು ಸಲ್ಲುವಂತೆ ಕ್ರಮವನ್ನು ಗೊತ್ತುಮಾಡಿದೆನು. ಲೆಕ್ಕವನ್ನು ಎರಡು ಸಲ ತಾಳೆನೋಡಿದೆನು. ಕಾಡಿನ ಕೊನೆಯಲ್ಲಿ ಹನ್ನೆರಡು ಮಕ್ಕಳಿದ್ದ ಒಂದು ಹಳ್ಳಿಯು ಪಟ್ಟಿಯ ಕಟ್ಟಕಡೆಗೆ ಬಿದ್ದಿತು. ಅಲ್ಲಿಗೆ ಹೋಗುವಷ್ಟರಲ್ಲಿ ಮಳೆ ಹಿಡಿಯಿತು. ಮಣ್ಣಿನ ದಾರಿ ಕೆಟ್ಟಿತು. ಆ ಹನ್ನೆರಡು ಕಟ್ಟುಗಳು ಎರಡು ತಿಂಗಳ ಕಾಲ ನನ್ನ ಕೊಠಡಿಯ ಮೂಲೆಯಲ್ಲಿಯೇ ಉಳಿದುವು. ಮಳೆ ಹಿಂತೆಗೆದ ಮೇಲೆ ನಾನೇ ಹೋಗಿ ಕೊಟ್ಟಾಗ, ಅಲ್ಲಿನ ವೃದ್ಧೆಯೊಬ್ಬಳು ಸಿಟ್ಟಿಲ್ಲದೆ ಒಂದು ಮಾತನ್ನು ಕೇಳಿದಳು: “ಅಯ್ಯಾ, ನಿಮ್ಮ ಲೆಕ್ಕ ಸರಿಯಿರಬಹುದು. ಆ ಲೆಕ್ಕದೊಳಗೆ ನಾವು ಎಲ್ಲಿದ್ದೆವು?” ತರ್ಕಶಾಸ್ತ್ರವನ್ನು ಓದಿಸುವ ನನಗೆ ಉತ್ತರ ಹೊಳೆಯಲಿಲ್ಲ.

ಮಠದ ಪ್ರಸಾದನಿಲಯದಲ್ಲಿದ್ದು ಓದಿ ಮುಂದೆ ಬಂದು, ಈಗ ಗಣಕಶಾಸ್ತ್ರದಲ್ಲಿ ಸಂಶೋಧನೆ ನಡೆಸುತ್ತಿರುವ ಯುವಕನೊಬ್ಬನು ರಜೆಯಲ್ಲಿ ನನ್ನನ್ನು ಕಾಣಲು ಬಂದಿದ್ದಾಗ ಈ ಸಂಗತಿಯನ್ನು ಅವನಲ್ಲಿ ಹೇಳಿಕೊಂಡೆನು. ಅವನು ಕೇಳಿ, “ಗುರುಗಳೇ, ತಾವು ಮಾಡಿದುದು ನಮ್ಮ ಶಾಸ್ತ್ರದ ಕೆಲಸವನ್ನೇ. ಆ ಅಜ್ಜಿ ಕೇಳಿದುದು ನಮ್ಮ ಶಾಸ್ತ್ರದ ಮೊದಲನೆಯ ಪ್ರಶ್ನೆಯನ್ನು” ಎಂದನು. ಮೂರು ಸಂಜೆ ಅವನು ಗುರು, ನಾನು ಶಿಷ್ಯ. ಅವನಿಂದ ಕೇಳಿ, ಆಮೇಲೆ ಓದಿ ನಾನು ಗ್ರಹಿಸಿದಷ್ಟನ್ನು ತಮ್ಮ ಮುಂದಿಡುತ್ತೇನೆ.

ಈ ಶಾಸ್ತ್ರವು ಸಾಧಿಸಹೊರಟಿರುವುದೇನೆಂದರೆ, ಸಾಧ್ಯವಿರುವ ಅನೇಕ ಮಾರ್ಗಗಳಲ್ಲಿ ಎಲ್ಲಕ್ಕಿಂತ ಮೇಲಾದುದು ಯಾವುದೆಂದು ಹುಡುಕುವುದು. ಇದನ್ನು ನಾವು ಸರ್ವೋತ್ತಮಶೋಧನವೆಂದು ಕರೆಯಬಹುದು. ಒಂದೊಂದನ್ನೂ ನೋಡಿ ಆರಿಸಿಕೊಂಡರೆ ಮುಗಿಯಿತಲ್ಲವೇ ಎಂದು ಕೇಳಿದರೆ, ಅದಕ್ಕೆ ಉತ್ತರವು ನಮ್ಮ ಭಾಸ್ಕರಾಚಾರ್ಯರ ಲೀಲಾವತಿಯಲ್ಲಿಯೇ ದೊರೆಯುವುದು. ಕ್ರಿ.ಶ. ೧೧೫೦ರ ಆ ಗ್ರಂಥದ ಅಂಕಪಾಶವೆಂಬ ಪ್ರಕರಣದಲ್ಲಿ ಆಚಾರ್ಯರು, ಶಂಭುವು ಹತ್ತು ಕೈಗಳಲ್ಲಿ ಹಿಡಿದಿರುವ ಹತ್ತು ವಸ್ತುಗಳನ್ನು ಪರಸ್ಪರ ಬದಲಾಯಿಸಿದರೆ ಎಷ್ಟು ಮೂರ್ತಿಭೇದಗಳಾಗುವುವೆಂದು ಪ್ರಶ್ನಿಸಿರುವರು. ಒಂದರಿಂದ ಹತ್ತರವರೆಗಿನ ಅಂಕಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ೩೬,೨೮,೮೦೦ ಎಂಬುದೇ ಅದರ ಉತ್ತರ. ಪಾಠಶಾಲೆಯಲ್ಲಿ ಇದನ್ನು ಓದುವಾಗ ನಾವು ಶಿವನ ಮಹಿಮೆಯೆಂದು ಕೈಮುಗಿದು ಮುಂದಕ್ಕೆ ಹೋದೆವು. ಆದರೆ ಒಂದು ಮಠದಿಂದ ಹೊರಟು ಹತ್ತು ಹಳ್ಳಿಗಳನ್ನು ಸುತ್ತಿ ಹಿಂದಿರುಗಬೇಕಾದ ಜಂಗಮನ ದಾರಿಗಳೂ ಅಷ್ಟೇ. ಹೋದ ದಾರಿಯನ್ನೇ ಹಿಮ್ಮುಖವಾಗಿ ನಡೆದರೆ ದೂರವು ಒಂದೇ ಆದುದರಿಂದ ಅರ್ಧವನ್ನು ಬಿಟ್ಟರೂ ೧೮,೧೪,೪೦೦ ಉಳಿಯುವುವು. ಹಳ್ಳಿಗಳು ಹದಿನೈದಾದರೆ, ಅರ್ಧವನ್ನು ಬಿಟ್ಟ ಮೇಲೂ ೬೫,೩೮೩ ಕೋಟಿಗೆ ಮಿಕ್ಕ ದಾರಿಗಳಾಗುವುವು. ಕ್ಷಣಕ್ಕೊಂದರಂತೆ ಎಣಿಸಿದರೂ ಇಪ್ಪತ್ತು ಸಾವಿರ ವರ್ಷಗಳು ಸಾಲವು. ಗಣಕಯಂತ್ರವು ನಮಗಿಂತ ಎಷ್ಟೇ ವೇಗಶಾಲಿಯಾದರೂ, ಹಳ್ಳಿಗಳ ಸಂಖ್ಯೆ ಐವತ್ತು ನೂರು ಎಂದಾಗುತ್ತಲೇ ಒಂದೊಂದನ್ನೂ ಎಣಿಸುವ ದಾರಿಯು ಅದಕ್ಕೂ ಮುಚ್ಚಿಹೋಗುವುದು.

ಎಲ್ಲವನ್ನೂ ನೋಡಲಾಗದಿದ್ದರೆ ಏನು ಮಾಡಬೇಕು? ನಮ್ಮ ಕೊಡಚಾದ್ರಿಯನ್ನೇ ನೆನೆಯಿರಿ. ಮಂಜು ಕವಿದ ದಿನ ಒಬ್ಬನು ಅದರ ತಪ್ಪಲಿನಲ್ಲಿ ದಾರಿ ತಪ್ಪಿದ್ದಾನೆ, ಮೂರು ಮಾರು ಮುಂದಕ್ಕೆ ಕಾಣದು, ಶಿಖರವನ್ನು ಸೇರಬೇಕು. ಕಾಲಿಗೆ ಏರು ಸಿಕ್ಕಿದ ಕಡೆಗೆ ಹೆಜ್ಜೆಯಿಡುವುದೊಂದೇ ಅವನಿಗೆ ಉಪಾಯ. ಹಾಗೆ ಏರುತ್ತ ಏರುತ್ತ, ಎತ್ತ ಕಾಲಿಟ್ಟರೂ ಇಳಿಜಾರಾಗಿರುವ ಒಂದು ಸ್ಥಳಕ್ಕೆ ಬಂದು ನಿಲ್ಲುವನು. ಶಿಖರವನ್ನು ಸೇರಿದೆನೆಂದು ನಂಬುವನು. ಮಂಜು ಸರಿದ ಮೇಲೆ ನೋಡಿದರೆ ಅವನು ನಿಂತಿರುವುದು ಯಾವುದೋ ಒಂದು ಗುಡ್ಡದ ನೆತ್ತಿ. ೧೩೪೩ ಮೀಟರುಗಳ ಶಿಖರವು ಬೇರೊಂದು ಕಡೆ ಇರುವುದು. ಒಬ್ಬನೇ ಹುಡುಕಿದರೆ ಈ ಭ್ರಾಂತಿಯು ತಪ್ಪದು. ಆದುದರಿಂದ ಹಲವರು ಹುಡುಕಬೇಕು, ಕಂಡುದನ್ನು ಒಬ್ಬರಿಗೊಬ್ಬರು ತಿಳಿಸಬೇಕು. ಯಜಮಾನನಿಲ್ಲದೆ, ನಕ್ಷೆಯಿಲ್ಲದೆ, ಅಲ್ಪಶಕ್ತಿಯ ಹಲವು ಜೀವಗಳು ಕೂಡಿ ಹುಡುಕುವ ವಿದ್ಯೆಯು ಎಲ್ಲಿ ಕಾಣುವುದೆಂದು ವಿದ್ವಾಂಸರು ನೋಡಿದಾಗ, ಅದು ಪ್ರಾಣಿಗಳಲ್ಲಿಯೂ ಕ್ರಿಮಿಕೀಟಗಳಲ್ಲಿಯೂ ಕಂಡಿತು.

ಈ ಮಾರ್ಗದ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಮೆರಿಕಾದ ಜಾನ್ ಹಾಲೆಂಡ್ ಎಂಬ ವಿದ್ವಾಂಸರು ೧೯೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಹೊಂದಿಕೊಳ್ಳುತ್ತ ಬರುವ ಕ್ರಮವನ್ನೇ ಗಣಕದಲ್ಲಿ ನಡೆಸಿ ಒಳ್ಳೆಯ ಉತ್ತರಗಳನ್ನು ಬೆಳೆಯಿಸಬಹುದೆಂದು ತೋರಿಸಿದರು. ಬ್ರಸೆಲ್ಸ್ ನಗರದ ಸಂಶೋಧಕರು ಇರುವೆಗಳ ಗೂಡಿಗೂ ಆಹಾರಕ್ಕೂ ನಡುವೆ ಉದ್ದವಾದುದೊಂದು, ಗಿಡ್ಡವಾದುದೊಂದು, ಹೀಗೆ ಕವಲೊಡೆದ ಸೇತುವೆಯನ್ನಿಟ್ಟು ಪರೀಕ್ಷಿಸಿ ೧೯೮೯ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಮೊದಲು ಇರುವೆಗಳು ಎರಡು ಕವಲುಗಳಲ್ಲಿಯೂ ಹೋದುವು. ಗಿಡ್ಡ ಕವಲಿನಲ್ಲಿ ಹೋದವು ಬೇಗನೆ ಹಿಂದಿರುಗಿದುದರಿಂದ ಆ ದಾರಿಯಲ್ಲಿ ಅವುಗಳ ವಾಸನೆಯು ಬೇಗನೆ ದಟ್ಟವಾಯಿತು. ವಾಸನೆಯನ್ನು ಹಿಡಿದು ಮತ್ತಷ್ಟು ಇರುವೆಗಳು ಬಂದುವು. ಸ್ವಲ್ಪ ಹೊತ್ತಿನಲ್ಲಿ ಬಹುತೇಕ ಎಲ್ಲವೂ ಗಿಡ್ಡ ದಾರಿಯನ್ನೇ ಹಿಡಿದುವು. ಯಾವ ಇರುವೆಯೂ ಎರಡು ದಾರಿಗಳನ್ನು ಅಳೆದು ನೋಡಿರಲಿಲ್ಲ. ೧೯೯೨ರಲ್ಲಿ ಇಟಲಿಯ ಮಾರ್ಕೊ ಡೊರಿಗೊ ಎಂಬವರು ಮಿಲಾನಿನಲ್ಲಿ ಬರೆದ ಪ್ರಬಂಧದಲ್ಲಿ ಇದನ್ನೇ ಗಣಕಕ್ಕೆ ಅಳವಡಿಸಿದರು. ಗಣಕದ ಇರುವೆಗಳು ಬಿಟ್ಟ ವಾಸನೆಯು ಹೊತ್ತುಹೊತ್ತಿಗೆ ಆರಿಹೋಗುವಂತೆ ಅವರು ಏರ್ಪಡಿಸಿದುದು ಗಮನಾರ್ಹವಾದುದು; ಆರದೆ ಹೋದರೆ ಮೊದಲು ಮಾಡಿದ ತಪ್ಪೇ ಶಾಶ್ವತವಾದ ರಾಜಮಾರ್ಗವಾಗಿಬಿಡುವುದು. ೧೯೯೫ರಲ್ಲಿ ಕೆನಡಿ, ಎಬರ್‌ಹಾರ್ಟ್ ಎಂಬಿಬ್ಬರು ಹಕ್ಕಿಗಳ ಹಿಂಡಿನಿಂದಲೂ, ೨೦೦೫ರಲ್ಲಿ ತುರ್ಕಿ ದೇಶದ ಕರಬೋಗ ಎಂಬವರು ಜೇನ್ನೊಣಗಳಿಂದಲೂ ಇಂತಹ ಕ್ರಮಗಳನ್ನು ಕಲ್ಪಿಸಿದರು.

ಅದೇ ೨೦೦೫ನೆಯ ಇಸವಿಯಲ್ಲಿ ನಮ್ಮ ಬೆಂಗಳೂರಿನಿಂದ ಒಂದು ಹೊಸ ಕ್ರಮವು ಲೋಕಕ್ಕೆ ಪರಿಚಯವಾಯಿತು. ೧೯೦೯ರಲ್ಲಿ ಸ್ಥಾಪಿತವಾಗಿ, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾಂತರಿಕ್ಷ ವಿಭಾಗದಲ್ಲಿ ಕೆ. ಎನ್. ಕೃಷ್ಣಾನಂದ ಅವರೂ ಅವರ ಮಾರ್ಗದರ್ಶಕರಾದ ಪ್ರಾಧ್ಯಾಪಕ ದೇಬಶಿಷ್ ಘೋಷ್ ಅವರೂ ಕೂಡಿ ಇದನ್ನು ರೂಪಿಸಿದರು. ಅದರ ದೃಷ್ಟಾಂತವು ಮಿಂಚುಹುಳು. ಮುಂಗಾರಿಗೆ ಮುಂಚೆ ಮಲೆನಾಡಿನ ಮರಗಳನ್ನೆಲ್ಲ ಬೆಳಗುವ ಈ ಹುಳುವನ್ನು ನಾವು ಬಾಲ್ಯದಲ್ಲಿ ಅಂಗೈಯಲ್ಲಿ ಹಿಡಿದು ಆಡಿದವರು. ಅದರ ಒಡಲಿನಲ್ಲಿರುವ ಲೂಸಿಫೆರಿನ್ ಎಂಬ ದ್ರವ್ಯವೇ ಬೆಳಕಿಗೆ ಮೂಲ. ಆ ದ್ರವ್ಯದ ಹೆಸರನ್ನೇ ಈ ಗಣಿತದಲ್ಲಿಯೂ ಇಟ್ಟುಕೊಂಡಿರುವರು.

ಕ್ರಮವು ಹೀಗಿದೆ. ಕೊಡಚಾದ್ರಿಯಂತಹ ಅನೇಕ ಶಿಖರಗಳುಳ್ಳ ಒಂದು ಪ್ರದೇಶದಲ್ಲಿ ಗಣಕವು ನೂರಾರು ಹುಳುಗಳನ್ನು ಅಲ್ಲಲ್ಲಿ ಚೆಲ್ಲುವುದು. ಇವು ನಿಜವಾದ ಹುಳುಗಳಲ್ಲ, ಗಣಕದೊಳಗಿನ ಅಂಕಗಳು. ಶಿಖರವೆಂದರೆ ಒಳ್ಳೆಯ ಉತ್ತರ, ಕಣಿವೆಯೆಂದರೆ ಕೆಟ್ಟ ಉತ್ತರ. ಆರಂಭದಲ್ಲಿ ಎಲ್ಲ ಹುಳುಗಳಿಗೂ ಕಾಂತಿಯು ಒಂದೇ. ಆ ವಿದ್ವಾಂಸರು ತಮ್ಮ ಪ್ರಯೋಗಗಳಲ್ಲಿ ಅದನ್ನು ೫ ಎಂದು ಇಟ್ಟುಕೊಂಡಿರುವರು. ಬಳಿಕ ಒಂದೊಂದು ಸುತ್ತಿನಲ್ಲಿಯೂ ನಾಲ್ಕು ಕಾರ್ಯಗಳು ನಡೆಯುವುವು.

ಮೊದಲನೆಯದು ಕಾಂತಿಯ ನವೀಕರಣ. ಪ್ರತಿಯೊಂದು ಹುಳುವೂ ತನ್ನ ಹಳೆಯ ಕಾಂತಿಯಲ್ಲಿ ಹತ್ತರಲ್ಲಿ ನಾಲ್ಕು ಪಾಲನ್ನು ಕಳೆದುಕೊಳ್ಳುವುದು. ತಾನು ಈಗ ನಿಂತಿರುವ ಸ್ಥಳದ ಎತ್ತರದಲ್ಲಿ ಹತ್ತರಲ್ಲಿ ಆರು ಪಾಲನ್ನು ಹೊಸದಾಗಿ ಪಡೆಯುವುದು. ವಿದ್ಯಾರ್ಥಿಗಳು ಬೇಕಾದರೆ ಹಲಗೆಯ ಮೇಲೆ ಮಾಡಿ ನೋಡಬಹುದು. ಹತ್ತು ಅಳತೆಯ ಎತ್ತರದಲ್ಲಿ ನಿಂತ ಹುಳುವಿನ ಕಾಂತಿಯು ೫ರಿಂದ ೯ಕ್ಕೂ, ಅನಂತರ ೧೧.೪ಕ್ಕೂ, ಮೂರನೆಯ ಸುತ್ತಿನಲ್ಲಿ ೧೨.೮೪ಕ್ಕೂ ಏರುವುದು. ಎರಡು ಅಳತೆಯ ತಗ್ಗಿನಲ್ಲಿ ನಿಂತ ಹುಳುವಿನದು ೫ರಿಂದ ೪.೨ಕ್ಕೂ, ೩.೭೨ಕ್ಕೂ, ೩.೪೩೨ಕ್ಕೂ ಇಳಿಯುವುದು. ಅಲ್ಲಿಯೇ ನಿಂತಿದ್ದರೆ ಒಂದು ೧೫ನ್ನೂ ಮತ್ತೊಂದು ೩ನ್ನೂ ಸಮೀಪಿಸುವುವು. ಇಲ್ಲಿ ಎರಡು ಅಂಶಗಳನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹುಟ್ಟುವಾಗ ಯಾವ ಹುಳುವಿಗೂ ಹೆಚ್ಚಿನ ಕಾಂತಿಯಿಲ್ಲ. ಒಮ್ಮೆ ಪಡೆದ ಕಾಂತಿಯೂ ಸುಮ್ಮನೆ ಉಳಿಯುವುದಿಲ್ಲ. ಸುತ್ತುಸುತ್ತಿಗೂ ಅದನ್ನು ಹೊಸದಾಗಿ ಸಂಪಾದಿಸಬೇಕು. ಶರಣರ ಸಂಪ್ರದಾಯದಲ್ಲಿ ಬೆಳೆದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಎರಡನೆಯದು ಆಯ್ಕೆ. ಹುಳುವು ತನ್ನ ಸುತ್ತಿನ ಒಂದು ವಲಯವನ್ನು ಮಾತ್ರ ಕಾಣಬಲ್ಲದು. ಆ ವಲಯದಲ್ಲಿ ತನಗಿಂತ ಹೆಚ್ಚು ಬೆಳಗುವ ಹುಳುಗಳೇ ಅದಕ್ಕೆ ನೆರೆಯವು. ಅವುಗಳಲ್ಲಿ ಒಂದನ್ನು ಅದು ಆರಿಸಿಕೊಳ್ಳುವುದು. ಎಲ್ಲಕ್ಕಿಂತ ಪ್ರಕಾಶವಾದುದನ್ನೇ ಹಿಂಬಾಲಿಸಬೇಕೆಂಬ ನಿರ್ಬಂಧವಿಲ್ಲ. ಹೆಚ್ಚು ಬೆಳಗುವುದಕ್ಕೆ ಹೆಚ್ಚು ಸಂಭವ, ಕಡಮೆ ಬೆಳಗುವುದಕ್ಕೆ ಕಡಮೆ ಸಂಭವ, ಅಷ್ಟೆ. ಮೂರನೆಯದು ಗತಿ, ಆರಿಸಿಕೊಂಡ ಹುಳುವಿನ ಕಡೆಗೆ ಒಂದು ಚಿಕ್ಕ ಹೆಜ್ಜೆ. ನಾಲ್ಕನೆಯದು ದೃಷ್ಟಿವಲಯದ ಹೊಂದಿಕೆ. ನೆರೆಯವುಗಳ ಸಂಖ್ಯೆಯು ಗೊತ್ತಾದ ಮಿತಿಗಿಂತ ಹೆಚ್ಚಿದರೆ ವಲಯವು ಕಿರಿದಾಗುವುದು. ಕಡಮೆಯಾದರೆ, ಒಂದು ಗರಿಷ್ಠ ಮಿತಿಯವರೆಗೆ, ಹಿರಿದಾಗುವುದು. ಆ ವಿದ್ವಾಂಸರು ಈ ಸಂಖ್ಯೆಯನ್ನೂ ಐದೆಂದೇ ಇಟ್ಟಿರುವರು. ದಟ್ಟಣೆಯಲ್ಲಿರುವವನು ಹತ್ತಿರದವರನ್ನೇ ನೋಡಲಿ, ಒಂಟಿಯಾಗಿರುವವನು ದೂರದವರನ್ನೂ ನೋಡಲಿ ಎಂಬುದು ಇದರ ಭಾವ.

ಈ ನಾಲ್ಕನೆಯ ಕಾರ್ಯದಲ್ಲಿಯೇ ಬೆಂಗಳೂರಿನವರ ಕ್ರಮದ ವೈಶಿಷ್ಟ್ಯವಿರುವುದು. ಹಕ್ಕಿಗಳ ಹಿಂಡಿನ ಕ್ರಮದಲ್ಲಿ, ಅದರ ಮೊದಲ ರೂಪದಲ್ಲಿಯಾದರೂ, ಎಲ್ಲಕ್ಕಿಂತ ಒಳ್ಳೆಯ ಸ್ಥಳವನ್ನು ಕಂಡ ಹಕ್ಕಿಯ ವಾರ್ತೆಯು ಇಡೀ ಹಿಂಡಿಗೆ ಮುಟ್ಟುವುದು; ಎಲ್ಲವೂ ಆ ಕಡೆಗೆ ಸೆಳೆಯಲ್ಪಟ್ಟು ಕಡೆಗೆ ಒಂದೇ ಶಿಖರದ ಮೇಲೆ ಸೇರುವುವು. ಮಿಂಚುಹುಳುಗಳಿಗೆ ಲೋಕದಲ್ಲೆಲ್ಲ ಶ್ರೇಷ್ಠವಾದ ಶಿಖರ ಯಾವುದೆಂಬುದೇ ತಿಳಿಯದು. ತಮ್ಮ ವಲಯದೊಳಗಿನ ಬೆಳಕನ್ನು ಹಿಡಿದು ಅವು ತಾವಾಗಿಯೇ ಗುಂಪುಗಳಾಗಿ ಒಡೆದು, ಒಂದೊಂದು ಗುಂಪು ಒಂದೊಂದು ಶಿಖರವನ್ನು ಸೇರುವುದು. ಹೀಗೆ ಅನೇಕ ಶಿಖರಗಳು ಏಕಕಾಲದಲ್ಲಿ ದೊರೆಯುವುವು. ದೊಡ್ಡ ಶಿಖರದ ಜೊತೆಗೆ ಚಿಕ್ಕವೂ ಬೆಳಕಿಗೆ ಬರುವುವು.

ಚಿಕ್ಕ ಶಿಖರದಿಂದ ಪ್ರಯೋಜನವೇನೆಂದು ಶಂಕೆ ಬರಬಹುದು. ಒಂದು ಕಾಡಿನಲ್ಲಿ ನಾಲ್ಕು ಕಡೆ ಬೆಂಕಿ ಬಿದ್ದಿರುವುದೆಂದು ಭಾವಿಸಿರಿ. ಹುಡುಕಲು ಹೋದವರೆಲ್ಲರೂ ಎಲ್ಲಕ್ಕಿಂತ ದೊಡ್ಡ ಬೆಂಕಿಯ ಬಳಿಗೇ ಓಡಿದರೆ ಉಳಿದ ಮೂರು ಊರನ್ನು ಸುಡುವುವು. ವಿಷವಾಯುವು ಹಲವು ಕಡೆ ಸೋರುತ್ತಿದ್ದರೂ ಹಾಗೆಯೇ. ಇಂತಹ ಸ್ಥಳಗಳಿಗೆ ಯಂತ್ರಪುರುಷರ, ಎಂದರೆ ರೋಬೋಟುಗಳ, ಗುಂಪನ್ನು ಕಳುಹಿಸಿ ಎಲ್ಲ ಮೂಲಗಳನ್ನೂ ಪತ್ತೆಹಚ್ಚಬಹುದೆಂಬುದು ಈ ಸಂಶೋಧಕರ ಉದ್ದೇಶಗಳಲ್ಲಿ ಒಂದಾಗಿದ್ದಿತು. ಅವರ ಮೊದಲ ಲೇಖನದ ವಿಷಯವೇ ಹಲವು ಮೂಲಗಳ ಪತ್ತೆಯಾಗಿತ್ತು. ಚಕ್ರಗಳುಳ್ಳ ಪುಟ್ಟ ರೋಬೋಟುಗಳನ್ನು ಕಟ್ಟಿ ಅವುಗಳಿಂದಲೂ ಪ್ರಯೋಗಗಳನ್ನು ನಡೆಸಿದರು. ೨೦೦೯ರಲ್ಲಿ ಕ್ರಮದ ವಿಸ್ತಾರವಾದ ವಿವೇಚನೆಯೂ, ೨೦೧೭ರಲ್ಲಿ ಇವರಿಬ್ಬರದೇ ಒಂದು ಗ್ರಂಥವೂ ಪ್ರಕಟವಾದುವು.

ಇಷ್ಟರಮಟ್ಟಿಗೆ ಪೂರ್ವಪಕ್ಷವನ್ನು ಗೌರವದಿಂದ ನಿರೂಪಿಸಿದ ಮೇಲೆ, ತರ್ಕವನ್ನೋದಿದವನಾಗಿ ನಾನೊಂದು ಆಕ್ಷೇಪವನ್ನೆತ್ತದೆ ಬಿಡಲಾರೆನು. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆಯಿರುವುದರಿಂದ, ಅಡಿಗೆಮನೆಯಂತೆ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಇಲ್ಲಿ ಅಡಿಗೆಮನೆಯು ದೃಷ್ಟಾಂತ, ಹೊಗೆಯು ಹೇತು. ಹೊಗೆಯಿರುವಲ್ಲೆಲ್ಲ ಬೆಂಕಿಯಿರುವುದೆಂಬ ವ್ಯಾಪ್ತಿಯ ಬಲದಿಂದ ಬೆಟ್ಟದ ಬೆಂಕಿಯು ಸಿದ್ಧವಾಗುವುದೇ ಹೊರತು, ಅಡಿಗೆಮನೆಯನ್ನು ಎಷ್ಟು ಚೆನ್ನಾಗಿ ವರ್ಣಿಸಿದರೂ ಸಿದ್ಧವಾಗದು. ಹಾಗೆಯೇ ಹುಳುವಿನ ಹೆಸರನ್ನಿಟ್ಟ ಮಾತ್ರಕ್ಕೆ ಗಣಿತವು ಸಾಧುವಾಗುವುದಿಲ್ಲ. ನಿಜವಾದ ಮಿಂಚುಹುಳುವು ಶಿಖರವನ್ನು ಹುಡುಕುವುದಿಲ್ಲ, ಸಂಗಾತಿಯನ್ನು ಹುಡುಕುವುದು. ಈ ಆಕ್ಷೇಪವನ್ನು ಶಿಷ್ಯನ ಮುಂದಿಟ್ಟಾಗ ಅವನು, ತಮ್ಮ ಶಾಸ್ತ್ರದವರೇ ಇದನ್ನೆತ್ತಿರುವರೆಂದು ತಿಳಿಸಿದನು. ಕಳೆದ ಕೆಲವು ದಶಕಗಳಲ್ಲಿ ಬಾವಲಿ, ಕೋಗಿಲೆ, ತೋಳ, ತಿಮಿಂಗಿಲ ಮೊದಲಾದ ಪ್ರಾಣಿಗಳ ಹೆಸರಿನಲ್ಲಿ ಒಂದರ ಮೇಲೊಂದು ಕ್ರಮಗಳು ಹುಟ್ಟಿದುವು. ಬೆಲ್ಜಿಯಂ ದೇಶದ ಕೆನೆತ್ ಸೊರೆನ್ಸೆನ್ ಎಂಬ ವಿದ್ವಾಂಸರು ೨೦೧೫ರಲ್ಲಿ, ಉಪಮಾನಗಳ ಈ ಮಳೆಯಲ್ಲಿ ಹೊಸತನವಿಲ್ಲದ ಅನೇಕ ಕ್ರಮಗಳು ಹೊಸ ವೇಷದಿಂದ ಬರುತ್ತಿರುವುವೆಂದು ಕಠಿನವಾಗಿಯೇ ಬರೆದರು. ಅದಕ್ಕೂ ಮುಂಚೆ ೧೯೯೭ರಲ್ಲಿ ವುಲ್ಪರ್ಟ್, ಮೆಕ್ರೆಡಿ ಎಂಬವರು, ಸಾಧ್ಯವಿರುವ ಎಲ್ಲ ಸಮಸ್ಯೆಗಳನ್ನೂ ಒಟ್ಟಿಗೆ ತೆಗೆದುಕೊಂಡರೆ ಯಾವ ಶೋಧನಕ್ರಮವೂ ಮತ್ತೊಂದಕ್ಕಿಂತ ಸರಾಸರಿಯಲ್ಲಿ ಮೇಲಲ್ಲವೆಂದು ಗಣಿತದಿಂದ ಸಾಧಿಸಿದ್ದರು. ಆದುದರಿಂದ ಒಂದು ಕ್ರಮದ ಗುಣವನ್ನು ಅದರ ಉಪಮಾನದಿಂದಲ್ಲ, ಅದು ಯಾವ ಸಮಸ್ಯೆಗೆ ಹೇಗೆ ಒದಗುವುದೆಂಬ ಪರೀಕ್ಷೆಯಿಂದ ನಿರ್ಣಯಿಸಬೇಕು. ನಮ್ಮ ಮಿಂಚುಹುಳುವಿನ ಕ್ರಮಕ್ಕೆ ಹಲವು ಶಿಖರಗಳನ್ನು ಹುಡುಕುವ ಸಮಸ್ಯೆಯೇ ಪರೀಕ್ಷಾಸ್ಥಳ. ಹೆಸರು ನೆನಪಿಗೆ ಸಹಾಯಕ, ಪ್ರಮಾಣವಲ್ಲ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಹುಳುಗಳು ಎತ್ತರವನ್ನು ಹುಡುಕುವುವೆಂದು ಹೇಳಿದೆನಷ್ಟೆ. ಎತ್ತರವೆಂದರೆ ಯಾವುದು? ಅದನ್ನು ಹುಳುವು ಗೊತ್ತುಮಾಡುವುದಿಲ್ಲ, ಗಣಕವೂ ಗೊತ್ತುಮಾಡುವುದಿಲ್ಲ. ಲೆಕ್ಕ ಬರೆಯುವ ಮನುಷ್ಯನು ಮೊದಲೇ ಗೊತ್ತುಮಾಡಿರುವನು. ಮೈಲಿಗೆ ಹೆಚ್ಚು ಪುಸ್ತಕವೆಂಬುದನ್ನೇ ನಾನು ಎತ್ತರವೆಂದು ಇಟ್ಟುಕೊಂಡಿದ್ದೆನು. ಹಾಗೆ ಇಟ್ಟುಕೊಂಡ ಕ್ಷಣದಲ್ಲಿಯೇ ಕಾಡಿನಂಚಿನ ಹನ್ನೆರಡು ಮಕ್ಕಳು ಕಣಿವೆಗೆ ಬಿದ್ದರು. ಮುಂದಿನ ಕೂಡುವಿಕೆ ಗುಣಿಸುವಿಕೆಗಳಲ್ಲಿ ತಪ್ಪಿರಲಿಲ್ಲ. ಪ್ರತಿವರ್ಷವೂ ಅದೇ ಅಳತೆಯನ್ನು ಬಳಸಿದ್ದರೆ ಪ್ರತಿವರ್ಷವೂ ಅವರೇ ಕಡೆಯವರಾಗುತ್ತಿದ್ದರು; ಅದಕ್ಕೆ ನಾನು ಕಾರಣನಲ್ಲ, ಲೆಕ್ಕವೇ ಕಾರಣವೆಂದು ನನಗೆ ಸಮಾಧಾನವೂ ಆಗುತ್ತಿತ್ತು. ಆ ವೃದ್ಧೆಯು ಕೇಳಿದ ಪ್ರಶ್ನೆಯ ಅರ್ಥವು ಇದೇ. ಲೆಕ್ಕವನ್ನು ಮಾಡುವುದಕ್ಕೆ ಮುಂಚೆ ಎತ್ತರವನ್ನು ಗೊತ್ತುಮಾಡಿದಾಗ ನಾವು ಎಲ್ಲಿದ್ದೆವು ಎಂದು ಅವಳು ಕೇಳಿದಳು.

ಈ ಪ್ರಶ್ನೆಯು ಈ ಸೀಮೆಗೆ ಹೊಸದಲ್ಲ. ಲಿಂಗನಮಕ್ಕಿಯ ಅಣೆಕಟ್ಟು ೧೯೬೪ರಲ್ಲಿ ಪೂರ್ಣವಾಯಿತು. ಶರಾವತಿಯ ನೀರು ನಾಡಿಗೆ ವಿದ್ಯುತ್ತನ್ನು ಕೊಟ್ಟಿತು. ಆ ಬೆಳಕಿನಲ್ಲಿ ನಾವೆಲ್ಲರೂ ಓದಿದ್ದೇವೆ, ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಅದೇ ನೀರು ಹಳ್ಳಿಗಳನ್ನೂ ಗದ್ದೆತೋಟಗಳನ್ನೂ ಮುಳುಗಿಸಿತು. ಮುಳುಗಡೆಯಾದವರು ನೆಲೆ ತಪ್ಪಿ ಚದರಿದರು. ಉಳಿದವರಿಗೆ ಸಾಗರದ ಪೇಟೆಯು ಕಣ್ಣಿಗೆ ಹತ್ತಿರ, ಕಾಲಿಗೆ ದೂರವಾಯಿತು. ರೋಗಿಯಾಗಲಿ ಬಾಣಂತಿಯಾಗಲಿ ಲಾಂಚಿನ ವೇಳೆಯನ್ನು ಕಾಯಬೇಕಾಯಿತು. ಇಲ್ಲವೇ ಬಹುದೂರದ ಸುತ್ತುದಾರಿಯನ್ನು ಹಿಡಿಯಬೇಕಾಯಿತು. ಸುಮಾರು ಎರಡೂವರೆ ಕಿಲೋಮೀಟರುಗಳ ಉದ್ದದ ಸೇತುವೆಯು ೨೦೨೫ನೆಯ ಜುಲೈ ೧೪ರಂದು ತೆರೆಯಲ್ಪಡುವವರೆಗೆ, ಎಂದರೆ ಅಣೆಕಟ್ಟು ಪೂರ್ಣವಾದ ಮೇಲೆ ಅರುವತ್ತೊಂದು ವರ್ಷಗಳ ಕಾಲ, ಇದೇ ಸ್ಥಿತಿಯು ನಡೆಯಿತು. ನಾಡಿನ ಲೆಕ್ಕದಲ್ಲಿ ವಿದ್ಯುತ್ತೆಂಬುದು ಎತ್ತರದ ಶಿಖರವಾಗಿದ್ದಿತು. ಆ ಶಿಖರವು ನಿಜವಾದುದೇ. ದಡದಲ್ಲಿ ಕಾಯುವವರ ಹೊತ್ತು ಆ ಅಳತೆಗೋಲಿನಲ್ಲಿ ಗುರುತಾಗಿರಲಿಲ್ಲ, ಅಷ್ಟೆ.

ಹಾಗಾದರೆ ಪರಿಹಾರವೇನು? ಶಾಸ್ತ್ರವೇ ಎರಡು ದಾರಿಗಳನ್ನು ತೋರಿಸಿರುವುದು. ಇವು ಮಿಂಚುಹುಳುವಿನ ಮಾರ್ಗದಿಂದ ಬೇರೆಯಾದುವೆಂಬುದನ್ನು ಮರೆಯಬಾರದು. ಅಲ್ಲಿ ಅಳತೆಯೊಂದು, ಶಿಖರಗಳು ಹಲವು. ಇಲ್ಲಿ ಅಳತೆಗಳೇ ಹಲವು. ಮೊದಲನೆಯ ದಾರಿಯು ಗುರಿಯನ್ನೂ ನಿಯಮವನ್ನೂ ಬೇರ್ಪಡಿಸುವುದು. ಮೀರಬಾರದ ನಿಯಮವನ್ನು ಮೊದಲು ಬರೆದು, ಅದಕ್ಕೆ ಒಳಪಟ್ಟ ಮಾರ್ಗಗಳಲ್ಲಿ ಮಾತ್ರ ಮೇಲಾದುದನ್ನು ಹುಡುಕುವುದು. ಎರಡನೆಯ ದಾರಿಯು, ಹಲವು ಗುರಿಗಳನ್ನು ಒಂದೇ ಅಂಕಿಯಾಗಿ ಕಲಸದೆ ಬೇರೆಬೇರೆಯಾಗಿಯೇ ಉಳಿಸಿಕೊಳ್ಳುವುದು. ಇದರಲ್ಲಿ ಕಾನಪುರದ ಐಐಟಿಯಲ್ಲಿದ್ದ ಕಲ್ಯಾಣ್ಮಯ್ ದೇಬ್ ಅವರೂ ಅವರ ಸಂಗಡಿಗರೂ ೨೦೦೨ರಲ್ಲಿ ಪ್ರಕಟಿಸಿದ ಕ್ರಮವು ಲೋಕಪ್ರಸಿದ್ಧವಾದುದು. ಅದು ಇದೊಂದೇ ಉತ್ತಮವೆಂದು ಹೇಳುವುದಿಲ್ಲ. ಒಂದು ಗುರಿಯಲ್ಲಿ ಮುಂದುವರಿಯಬೇಕಾದರೆ ಮತ್ತೊಂದರಲ್ಲಿ ಹಿಂಜರಿಯಲೇಬೇಕಾಗಿರುವ ಉತ್ತರಗಳನ್ನೆಲ್ಲ ಸಾಲಾಗಿ ನಮ್ಮ ಮುಂದಿಡುವುದು. ಇಷ್ಟು ದಾರಿ ಉಳಿದರೆ ಇಷ್ಟು ಜನ ಇಷ್ಟು ದಿನ ಕಾಯುವರೆಂಬುದು ಕಣ್ಣಿಗೆ ಕಾಣುವಂತಾಗುವುದು. ಆರಿಸಿಕೊಳ್ಳುವ ಹೊಣೆಯು ಮನುಷ್ಯನಿಗೇ ಹಿಂದಿರುಗುವುದು. ಲೆಕ್ಕವೇ ಕಾರಣವೆಂದು ಹೇಳಿ ತಪ್ಪಿಸಿಕೊಳ್ಳುವ ಅವಕಾಶವು ಆಗ ಉಳಿಯುವುದಿಲ್ಲ.

ನಾನು ಮೊದಲನೆಯ ದಾರಿಯನ್ನು ಹಿಡಿದೆನು. ಮರುವರ್ಷ ಪುಸ್ತಕಗಳ ಹಂಚಿಕೆಗೆ ಮುಂಚೆ, ಮೊದಲ ಮಳೆಗೆ ಮುನ್ನ ಪುಸ್ತಕ ಮುಟ್ಟದ ಒಂದು ಹಳ್ಳಿಯೂ ಉಳಿಯಬಾರದು ಎಂಬ ನಿಯಮವನ್ನು ಹಾಳೆಯ ತಲೆಯಲ್ಲಿ ಬರೆದೆನು. ಅದರ ಕೆಳಗೆ, ಇಷ್ಟಾದ ಮೇಲೆ ದಾರಿಯು ಆದಷ್ಟು ಕಡಮೆಯಾಗಿರಲಿ ಎಂದು ಬರೆದೆನು. ಶಿಷ್ಯನು ತನ್ನ ಯಂತ್ರದಲ್ಲಿ ಅದನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಾಡಿಕೊಟ್ಟನು. ಎಣ್ಣೆಯ ಖರ್ಚು ಸ್ವಲ್ಪ ಹೆಚ್ಚಿತು. ಮಣ್ಣಿನ ದಾರಿಯ ಆ ಹಳ್ಳಿಯು ಪಟ್ಟಿಯ ಎರಡನೆಯ ಸಾಲಿಗೆ ಬಂದಿತು. ಹನ್ನೆರಡು ಕಟ್ಟುಗಳು ಮಳೆಗೆ ಮುಂಚೆ ಸೇರಿದುವು. ಆ ವೃದ್ಧೆಯು ಜಗಲಿಯಲ್ಲಿ ಕುಳಿತಿದ್ದಳು. ನಾನು ಹಾಳೆಯನ್ನು ತೆಗೆದು, ತಾಯಿ, ಇಲ್ಲಿ ನೋಡು, ನೀವು ಇಲ್ಲಿದ್ದೀರಿ ಎಂದು ತೋರಿಸಿದೆನು. ಅವಳಿಗೆ ಅಕ್ಷರ ಬಾರದು. ಆದರೂ ಬೆರಳಿಟ್ಟ ಸ್ಥಳವನ್ನು ನೋಡಿ ತಲೆದೂಗಿದಳು.

ವಿದ್ಯಾರ್ಥಿಗಳಿಗೆ ಎರಡು ಮಾತನ್ನು ಹೇಳಿ ಮುಗಿಸುತ್ತೇನೆ. ನಿಮ್ಮಲ್ಲಿ ಅನೇಕರು ಈ ಸೇತುವೆಯನ್ನು ದಾಟಿ ಬೆಂಗಳೂರಿಗೂ ಅದರಾಚೆಗೂ ಹೋಗುವಿರಿ. ಯಂತ್ರಗಳಿಗೆ ಲೆಕ್ಕವನ್ನು ಬರೆದುಕೊಡುವ ಕೆಲಸವು ನಿಮ್ಮ ಕೈಗೆ ಬರುವುದು. ಬಸ್ಸು ಯಾವ ಊರಿಗೆ ಹೋಗಬೇಕು, ಆಸ್ಪತ್ರೆ ಎಲ್ಲಿರಬೇಕು, ಯಾವ ಶಾಲೆಯನ್ನು ಮುಚ್ಚಬೇಕು ಎಂಬುದನ್ನು ಅಂತಹ ಲೆಕ್ಕಗಳಿಂದ ಗೊತ್ತುಮಾಡುವರು. ಆ ಕೆಲಸವನ್ನು ಕಾಯಕವೆಂದು ಶ್ರದ್ಧೆಯಿಂದ ಮಾಡಿರಿ. ಆದರೆ ಎತ್ತರವೆಂದರೆ ಏನೆಂದು ಬರೆಯುವ ಮೊದಲನೆಯ ಸಾಲಿನಲ್ಲಿ ಒಂದು ಗಳಿಗೆ ನಿಲ್ಲಿರಿ. ಕಾಡಿನ ಕೊನೆಯ ಮನೆಯವರು ಆ ಸಾಲಿನಲ್ಲಿ ಎಲ್ಲಿರುವರೆಂದು ನೋಡಿಕೊಳ್ಳಿರಿ.

ಮುಂದಿನ ಮುಂಗಾರಿಗೆ ಮುಂಚೆ ಒಂದು ರಾತ್ರಿ ಮನೆಯ ದೀಪಗಳನ್ನು ಆರಿಸಿ ಅಂಗಳಕ್ಕೆ ಬನ್ನಿರಿ. ನಮ್ಮ ದೀಪಗಳ ಪ್ರಕಾಶವು ಮಿಂಚುಹುಳುಗಳ ಸಂಕೇತಗಳನ್ನು ಮರೆಮಾಡಿ ಅವುಗಳ ಸಂಗಾತಿಶೋಧನೆಗೆ ತೊಡಕಾಗುವುದೆಂದು ಜೀವಶಾಸ್ತ್ರಜ್ಞರು ಹೇಳುವರು. ಬೆಂಗಳೂರಿನ ಪಂಡಿತರಿಗೆ ಗಣಿತವನ್ನು ಸೂಚಿಸಿದ ಈ ಪುಟ್ಟ ಜೀವಕ್ಕೆ ಅಷ್ಟು ಉಪಕಾರವನ್ನಾದರೂ ನಾವು ಮಾಡಬಹುದು.